ರಾಗಿ ಕೊಯ್ಯಬೇಕಾ, ಮಳೆ ಹೋಗಲಿ ಅಂತ ಕಾಯಬೇಕಾ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಕುಣಿಗಲ್ ಕಡೆ ಮೂರು ಎಕರೆ ರಾಗಿ, ಮಳೆಯನ್ನೇ ನಂಬಿದ ಹೊಲ. ಜುಲೈ ಕೊನೆಯಲ್ಲಿ ಬಿತ್ತಿದ ಎಂ.ಎಲ್. 365 ತಳಿ. ಈಗ ನವೆಂಬರ್ ಮಧ್ಯ, ತೆನೆ ಕಂದು ಬಣ್ಣಕ್ಕೆ ತಿರುಗಿದೆ. ಕಳೆದ ವಾರದ ಮಳೆಗೆ ಒಂದು ಮೂಲೆಯಲ್ಲಿ ಅರ್ಧ ಎಕರೆಯಷ್ಟು ಮಲಗಿದೆ. ಆಳು ಹಿಡಿದು ಕೊಯ್ಯಿಸಿ, ಕಂತೆ ಒಟ್ಟಿ ಮೆದೆ (ಬಣವೆ) ಹಾಕೋಣ ಅಂತಾರೆ ಅಪ್ಪ. ನಾನು ಹಾರ್ವೆಸ್ಟರ್‌ಗೆ ಹೇಳಿಟ್ಟಿದ್ದೇನೆ. ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ನಾಲ್ಕು ದಿನ ಬಿಟ್ಟು ಮಳೆ ಅಂತ ಟೀವಿಯಲ್ಲಿ ಬರುತ್ತಿದೆ. ಮೊಬೈಲ್ ನೋಡಿದರೆ ಒಂದೊಂದು ಆಪ್ ಒಂದೊಂದು ಹೇಳುತ್ತೆ. ಈಗಲೇ ಕೊಯ್ಯಬೇಕಾ, ಮಳೆ ಹೋಗಲಿ ಅಂತ ಕಾಯಬೇಕಾ?

ಉತ್ತರ: ನಿಮಗಿರುವುದು ನಾಲ್ಕೇ ದಿನ. ಹಾಗಾಗಿ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಲಗಿರುವ ಅರ್ಧ ಎಕರೆಯನ್ನು ನಾಳೆಯೇ ಆಳು ಹಿಡಿದು ಕೊಯ್ಯಿಸಿ. ನಿಂತಿರುವ ಎರಡೂವರೆ ಎಕರೆಯ ಮಾತು ಬೇರೆ. ಹಾರ್ವೆಸ್ಟರ್ ನಾಳೆ ನಾಡಿದ್ದರೊಳಗೆ ಬರುವುದಾದರೆ, ಬಂದ ಕಾಳನ್ನು ಹರಡಲು ಸೂರಿನ ಕೆಳಗೆ ಜಾಗವೂ ಇದ್ದರೆ, ಅದನ್ನೂ ಕೊಯ್ಯಿಸಿ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಕೈ ಹಚ್ಚಬೇಡಿ. ನಿಂತಿರಲಿ. ನಿಂತ ರಾಗಿ ಒಂದೆರಡು ದಿನದ ಮಳೆಯನ್ನು ತಡೆದುಕೊಳ್ಳುತ್ತೆ. ಕೊಯ್ದು ಅರಿ ಹಾಕಿದ, ಅಂದರೆ ಒಣಗಲು ನೆಲದ ಮೇಲೆ ಹರಡಿದ ರಾಗಿ ತಡೆದುಕೊಳ್ಳುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎಲ್ಲವೂ ಇದೆ: ತಳಿ, ಬಿತ್ತಿದ ದಿನ, ಮಳೆ ಯಾವಾಗ ಅನ್ನೋದು. ಕೊಯ್ದ ರಾಗಿ ಎಲ್ಲಿ ಒಣಗುತ್ತೆ ಅನ್ನೋದು ಮಾತ್ರ ಇಲ್ಲ. ನವೆಂಬರ್ ಬಂತು ಅಂದರೆ ನನಗೆ ಬರುವ ಹತ್ತು ಪ್ರಶ್ನೆಯಲ್ಲಿ ಒಂಬತ್ತು ಹೀಗೇ ಇರುತ್ತವೆ. ಎಲ್ಲರೂ ಮಳೆ ದಿನ ಎಣಿಸುತ್ತಾರೆ. ನೀವು ಒಣಗುವ ದಿನ ಎಣಿಸಿ. ಕೈಯಲ್ಲಿ ಕೊಯ್ದ ರಾಗಿಗೆ ಕೊಯ್ಲು ಮುಗಿದ ಮೇಲೆ ಕನಿಷ್ಠ ಮೂರು ಒಳ್ಳೆ ಬಿಸಿಲು ಬೇಕು. ನಾಳೆ ಶುರು ಮಾಡಿದರೆ ಎರಡೂವರೆ ಎಕರೆ ಮುಗಿಯಲು ಎರಡು ದಿನ ಹಿಡಿಯುತ್ತೆ, ಅದೂ ಆಳು ಸಿಕ್ಕರೆ. ಉಳಿಯುವುದು ಎರಡು ದಿನ. ಮೊದಲ ದಿನ ಕೊಯ್ದದ್ದು ಹೇಗೋ ಒಣಗೀತು. ಎರಡನೇ ದಿನದ್ದು ಹಸಿಯಾಗೇ ಮಳೆಗೆ ಸಿಗುತ್ತೆ.

ಈ ಲೆಕ್ಕವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 2021ರ ನವೆಂಬರ್ ನಿಮಗೂ ನೆನಪಿರಬೇಕು. ಆ ತಿಂಗಳ 11ರಂದು ಒಂದು ವಾಯುಭಾರ ಕುಸಿತ ಚೆನ್ನೈ ಹತ್ತಿರ ದಡ ಹತ್ತಿತು. 19ರಂದು ಇನ್ನೊಂದು ಅದೇ ಕಡೆ ಹತ್ತಿತು. ನಡುವೆ ಒಂದು ವಾರ. ಆ ವಾರದಲ್ಲಿ ಒಂದು ಮಧ್ಯಾಹ್ನ ಬಿಸಿಲು ಬಿತ್ತು ನೋಡಿ, ಊರಿಗೆಲ್ಲ ಬುದ್ಧಿ ಹೇಳುವ ನಾನೇ ನಮ್ಮ ಹೊಲದಲ್ಲಿ ಒಂದು ಎಕರೆ ಕೊಯ್ಯಿಸಿಬಿಟ್ಟೆ. ಅರಿ ನೆಲದ ಮೇಲಿತ್ತು. ಮಾರನೇ ದಿನ ಮೋಡ. ಅದರ ಮಾರನೇ ದಿನ ಸೋನೆ. ಆಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಐದನೇ ದಿನ ಅರಿ ಎತ್ತಿ ನೋಡಿದರೆ ತೆನೆಯಲ್ಲಿ ಬಿಳಿ ಬೇರು, ಹಸಿರು ಮೊಳಕೆ. ಪಕ್ಕದ ಹೊಲದವರು ಆಳು ಸಿಗದೆ ಕೊಯ್ದಿರಲಿಲ್ಲ. ಅವರ ರಾಗಿ ಕಪ್ಪಾಯಿತು, ಸ್ವಲ್ಪ ಉದುರಿತು, ಅಲ್ಲಲ್ಲಿ ಮೊಳಕೆಯೂ ಬಂತು. ಆದರೂ ಮುಕ್ಕಾಲು ಪಾಲು ಕೈಗೆ ಬಂತು. ನನ್ನದು ಹಸುವಿಗೂ ಹಾಕುವ ಹಾಗಿರಲಿಲ್ಲ. ಆ ವರ್ಷ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರು ಗ್ರಾಮಾಂತರದಲ್ಲೆಲ್ಲ ಇದೇ ಗೋಳು.

ನೆಲದ ಮೇಲಿನ ಅರಿ ಯಾಕೆ ಬೇಗ ಕೆಡುತ್ತೆ? ನಿಂತ ತೆನೆ ನೆಲದಿಂದ ಎರಡೂವರೆ ಮೂರು ಅಡಿ ಮೇಲಿದೆ. ನೀರು ಇಳಿದು ಹೋಗುತ್ತೆ, ಸುತ್ತ ಗಾಳಿ ಆಡುತ್ತೆ. ಮಳೆ ನಿಂತು ಅರ್ಧ ದಿನ ಬಿಸಿಲು ಬಿದ್ದರೆ ಮೇಲಿನ ತೇವ ಹೋಗುತ್ತೆ. ಅರಿಗೆ ಮೇಲಿನಿಂದ ಮಳೆ, ಕೆಳಗಿನಿಂದ ಒದ್ದೆ ಮಣ್ಣು. ಅಡಿಯಲ್ಲಿ ಸಿಕ್ಕ ತೆನೆ ಮೊಳಕೆ ಕಟ್ಟಿದ ಬಟ್ಟೆಯೊಳಗೆ ಇದ್ದಂತೆ. ರಾಗಿಗೆ ಒಂದು ಒಳ್ಳೆ ಗುಣವೂ ಇದೆ. ಎಳ್ಳಿನ ಹಾಗೆ, ಹುರುಳಿಯ ಹಾಗೆ ಮಾಗಿದ ಕೂಡಲೇ ಸಿಡಿದು ಉದುರುವುದಿಲ್ಲ. ಒಂದು ವಾರ, ಹತ್ತು ದಿನ ತಡವಾದರೂ ಕಾಯುತ್ತೆ. ಅದಕ್ಕಿಂತ ಜಾಸ್ತಿಯಾದರೆ ತೆನೆಯ ಕತ್ತು ಒಣಗಿ ಮುರಿಯಲು ಶುರುವಾಗುತ್ತೆ.

ಎಲ್ಲ ತೆನೆಯೂ ಒಂದೇ ಥರ ಅಲ್ಲ. ಬೆರಳು ಬಿಚ್ಚಿದಂತಿರುವ ತೆನೆ ಬೇಗ ಒಣಗುತ್ತೆ. ಮುಷ್ಟಿ ಮುಚ್ಚಿದಂತಿರುವ ತೆನೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮ ಹೊಲದಲ್ಲಿ ಯಾವ ಥರ ಜಾಸ್ತಿ ಇದೆ ಅಂತ ಒಂದು ಸುತ್ತು ಹಾಕಿ ನೋಡಿ. ಹಾಗೇ ಪೂರ್ತಿ ಮಾಗಿದೆಯಾ ಅಂತಲೂ ನೋಡಿ. ಬಣ್ಣ ನೋಡಿದರೆ ಸಾಲದು. ತೆಂಡೆಯ (ಬುಡದಲ್ಲಿ ಒಡೆದ ಮರಿ ಪೈರಿನ) ತೆನೆಗಳು ತಾಯಿ ತೆನೆಗಿಂತ ಒಂದು ವಾರ ಹಿಂದೆ ಇರುತ್ತವೆ. ನಾಲ್ಕೈದು ಕಡೆ ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ. ಕಾಳು ಸಲೀಸಾಗಿ ಬಿಡಬೇಕು. ಹಲ್ಲಿಗೆ ಹಾಕಿದರೆ ಟಕ್ ಅಂತ ಒಡೆಯಬೇಕು. ಹಿಟ್ಟು ಹಿಟ್ಟಾಗಿ ಅಮುಕಿದರೆ ಇನ್ನೂ ನಾಲ್ಕು ದಿನ ಬೇಕು ಅಂತ ಅರ್ಥ. ಜುಲೈ ಕೊನೆಯಲ್ಲಿ ಬಿತ್ತಿದ ಎಂ.ಎಲ್. 365ಕ್ಕೆ ಈಗ 105–110 ದಿನ ತುಂಬಿರುತ್ತೆ. ನಿಮ್ಮದು ಸರಿಯಾದ ಹದಕ್ಕೆ ಬಂದಿರಬೇಕು ಅಂತಲೇ ನನ್ನ ಅಂದಾಜು. ಎಂ.ಆರ್. 1ರಂಥ ದೀರ್ಘಾವಧಿ ತಳಿ ಹಾಕಿದವರಿಗೆ ಈ ತಲೆಬಿಸಿ ಇನ್ನೊಂದೆರಡು ವಾರ ಬಿಟ್ಟು ಬರುತ್ತೆ. ಬೇರೆಯವರು ಕೊಯ್ಯುತ್ತಿದ್ದಾರೆ ಅಂತ ಅವರು ಸುಮ್ನೆ ಕುಡುಗೋಲು ಹಿಡಿಯುವುದು ಬೇಡ.

ಈಗ ಮಳೆಯ ಮಾತು. ಟೀವಿಯವರು ವಾಯುಭಾರ ಕುಸಿತ ಅಂದ ಕೂಡಲೇ ಚಂಡಮಾರುತವೇ ಬಂತು ಅಂತ ಹೆದರಬೇಕಿಲ್ಲ. ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟುವ ತನಕ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 61ರ ತನಕ ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ. 62 ದಾಟಿದರೆ ಚಂಡಮಾರುತ, ಆಗ ಅದಕ್ಕೊಂದು ಹೆಸರು. ಹೆಸರಿಟ್ಟದ್ದೇ ದೊಡ್ಡದು, ಹೆಸರಿಲ್ಲದ್ದು ಚಿಕ್ಕದು ಅಂತ ಮಾತ್ರ ತಿಳಿಯಬೇಡಿ. 2021ರಲ್ಲಿ ದಡ ಹತ್ತಿದ ಆ ಎರಡಕ್ಕೂ ಹೆಸರಿರಲಿಲ್ಲ.

ನೋಡಬೇಕಾದದ್ದು ಅದು ಎಲ್ಲಿ ದಡ ಹತ್ತುತ್ತೆ, ಆಮೇಲೆ ಎತ್ತ ಹೋಗುತ್ತೆ ಅನ್ನೋದು. ತಮಿಳುನಾಡಿನ ಉತ್ತರ ಭಾಗ, ಪುದುಚೇರಿ, ಆಂಧ್ರದ ದಕ್ಷಿಣ ತುದಿ, ಈ ಕಡೆ ಹತ್ತಿ ಪಶ್ಚಿಮಕ್ಕೆ ನಡೆದರೆ ಅದರ ದಾರಿ ನೇರ ನಮ್ಮ ಮೇಲೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರಂ ಹತ್ತಿರ ಹತ್ತಿದಾಗ ಕೋಲಾರದಿಂದ ಬೆಂಗಳೂರಿನ ತನಕ ಚಳಿ, ಸೋನೆ ಹಿಡಿದು ಕೂತಿತ್ತು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ಹತ್ತಿತು. ಅಲ್ಲಿ ಸೊರಗಿದರೂ ಸಾಯಲಿಲ್ಲ. ಅದರ ಉಳಿಕೆ ತಮಿಳುನಾಡು ದಾಟಿ, ನಮ್ಮ ದಕ್ಷಿಣದ ಜಿಲ್ಲೆಗಳನ್ನೆಲ್ಲ ನೆನೆಸಿ, ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಂದರೆ ದಡ ಹತ್ತಿದ ಸುದ್ದಿ ಬಂದ ಮೇಲೂ ನಮ್ಮ ಕಡೆ ಎರಡು ಮೂರು ದಿನ ಎಚ್ಚರ ಬೇಕು. ಅದೇ ಕುಸಿತ ಉತ್ತರ ಆಂಧ್ರ ಅಥವಾ ಒಡಿಶಾ ಕಡೆ ತಿರುಗಿತು ಅಂದುಕೊಳ್ಳಿ. ಆಗ ಸಾಮಾನ್ಯವಾಗಿ ನಮಗೆ ಮೋಡ, ಸ್ವಲ್ಪ ಗಾಳಿ, ಅಷ್ಟೇ. ನಾಲ್ಕು ದಿನ ಮುಂಚೆ ಈ ದಾರಿ ಪೂರ್ತಿ ಗೊತ್ತಾಗುವುದಿಲ್ಲ. ಎರಡು ದಿನ ಮುಂಚೆ ಚೆನ್ನಾಗಿಯೇ ಗೊತ್ತಾಗುತ್ತೆ. ಆದ್ದರಿಂದ ಇವತ್ತು ನೋಡಿದ್ದು ಸಾಲದು, ನಾಳೆ ಸಂಜೆ ಇನ್ನೊಮ್ಮೆ ನೋಡಿ.

ಆಪ್‌ಗಳ ಗೊಂದಲ ಕೇಳಿದ್ದೀರಿ. ಮೊಬೈಲಿನಲ್ಲಿ ಬರುವ ಮೋಡದ ಚಿತ್ರಕ್ಕೆ ನಿಮ್ಮ ಹೊಲ ಗೊತ್ತಿರುವುದಿಲ್ಲ. ಅದು ದೊಡ್ಡ ಚೌಕವೊಂದಕ್ಕೆ ಹಾಕಿದ ಲೆಕ್ಕ. ನಾನು ನೋಡುವುದು ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ. ಅದರಲ್ಲಿನ ಪದಗಳಿಗೆ ಅಳತೆ ಇದೆ. ‘ಒಂದೆರಡು ಕಡೆ’ ಅಂದರೆ ಜಿಲ್ಲೆಯ ನೂರು ಮಳೆಮಾಪಕದಲ್ಲಿ ಹೆಚ್ಚೆಂದರೆ 25ರಲ್ಲಿ ಮಳೆ. ‘ಕೆಲವು ಕಡೆ’ ಅಂದರೆ 26ರಿಂದ 50. ‘ಹಲವು ಕಡೆ’ ಅಂದರೆ 75ರ ತನಕ. ಅದರ ಮೇಲೆ ಹೋದರೆ ಬಹುತೇಕ ಎಲ್ಲ ಕಡೆ. ‘ಒಂದೆರಡು ಕಡೆ ಹಗುರ ಮಳೆ’ ಅಂತ ಓದಿ ಹೆದರಿ ಹಾರ್ವೆಸ್ಟರ್ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಹಗುರ ಅಂದರೆ ದಿನಕ್ಕೆ 15.5 ಮಿ.ಮೀ. ಒಳಗೆ. 64.4ರ ತನಕ ಸಾಧಾರಣ, ಅದರ ಮೇಲೆ ಭಾರಿ. ಹಳದಿ ಅಲರ್ಟ್ ಅಂದರೆ ಕಣ್ಣಿಟ್ಟಿರಿ ಅಂತ. ಕಿತ್ತಳೆ ಅಂದರೆ ಸಿದ್ಧವಾಗಿರಿ ಅಂತ.

ಇಷ್ಟಾದರೂ ಆ ಅಲರ್ಟ್ ಬಣ್ಣ ರಾಗಿಗೆ ಹೇಳಿ ಮಾಡಿಸಿದ್ದಲ್ಲ. ಒಂದೇ ರಾತ್ರಿ 60 ಮಿ.ಮೀ. ಸುರಿದು ಬೆಳಗ್ಗೆ ಬಿಸಿಲು ಬಿದ್ದರೆ, ಗಾಳಿ ಬೀಸಿ ಬೆಳೆ ಮಲಗದಿದ್ದರೆ, ನಿಂತ ರಾಗಿಗೆ ಅಂಥ ಪೆಟ್ಟೇನೂ ಬೀಳುವುದಿಲ್ಲ. ದಿನಕ್ಕೆ ಐದೇ ಮಿ.ಮೀ. ಸೋನೆ, ಐದು ದಿನ ಬಿಡದೆ ಹಿಡಿದರೆ ಯಾವ ಅಲರ್ಟೂ ಇರುವುದಿಲ್ಲ, ಬೆಳೆ ಮಾತ್ರ ಮೊಳೆಯುತ್ತೆ. ತೆನೆ ಎಷ್ಟು ಗಂಟೆ ಒದ್ದೆಯಾಗಿತ್ತು ಅನ್ನೋದೇ ಲೆಕ್ಕ. ಅದಕ್ಕೆ ಇನ್ನೆರಡು ಅಂಕಿ ನೋಡಿ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯಲ್ಲಿ ಐದು ದಿನದ ಮೋಡ ಮತ್ತು ತೇವಾಂಶ ಕೊಟ್ಟಿರುತ್ತಾರೆ. ‘ಮೇಘದೂತ್’ ಆಪ್‌ನಲ್ಲೂ ಸಿಗುತ್ತೆ. ಮೋಡಕ್ಕೆ ಎಂಟರ ಲೆಕ್ಕ: ಆಕಾಶದ ಎಂಟು ಪಾಲಿನಲ್ಲಿ ಎಷ್ಟು ಪಾಲು ಮೋಡ ಅಂತ. ಆರು, ಏಳು ಅಂತಿದ್ದರೆ ಮಳೆ ಇಲ್ಲದಿದ್ದರೂ ಬಿಸಿಲಿಲ್ಲ ಅಂತ ತಿಳಿಯಿರಿ. ತೇವಾಂಶದಲ್ಲಿ ಬೆಳಗಿನದನ್ನು ಬಿಡಿ, ಈ ಕಾಲದಲ್ಲಿ ಇಬ್ಬನಿಗೆ ಅದು ತೊಂಬತ್ತು ದಾಟಿಯೇ ಇರುತ್ತೆ. ಮಧ್ಯಾಹ್ನದ್ದು ಶೇ 60ಕ್ಕಿಂತ ಕೆಳಗಿದ್ದರೆ ಕಾಳು ಚೆನ್ನಾಗಿ ಒಣಗುತ್ತೆ. 80 ದಾಟಿದರೆ ಒಣಗಿದ ಕಾಳೂ ತೇವ ಎಳೆದುಕೊಳ್ಳುತ್ತೆ.

ನಮ್ಮ ರಾಜ್ಯದಲ್ಲಿ ಇನ್ನೊಂದು ಅನುಕೂಲ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಅವರ ‘ವರುಣಮಿತ್ರ’ ಸಹಾಯವಾಣಿಗೆ, 92433 45433ಕ್ಕೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ನಿಮ್ಮ ಹೋಬಳಿ, ಪಂಚಾಯಿತಿ ಹೇಳಿ ಕೇಳಬಹುದು. ಟೀವಿ ಮುಂದೆ ಕೂರುವುದಕ್ಕಿಂತ ಇದು ವಾಸಿ.

ವಿಶಾಖ ಮಳೆ ಮುಗಿದು ಅನುರಾಧ ಹುಟ್ಟಿದ ಮೇಲೆ ಮಳೆ ಕಡಿಮೆ ಅಂತ ನಿಮ್ಮ ಅಪ್ಪ ಹೇಳಬಹುದು. ಅದು ಪೂರ್ತಿ ತಪ್ಪಲ್ಲ. ಹಿಂಗಾರಿನಲ್ಲಿ ನಮ್ಮ ಕಡೆ ಅಕ್ಟೋಬರಿಗೆ ಹೆಚ್ಚು ಮಳೆ, ನವೆಂಬರಿಗೆ ಕಡಿಮೆ, ಡಿಸೆಂಬರಿಗೆ ಇನ್ನೂ ಕಡಿಮೆ. ಆದರೆ ಈ ಕೊನೆಯ ಮಳೆ ಬರುವುದೆಲ್ಲ ಹೆಚ್ಚಾಗಿ ಕೊಲ್ಲಿಯಿಂದ, ಕಂತಿನಲ್ಲಿ. ಬಂದರೆ ಮೂರು ದಿನ, ಇಲ್ಲದಿದ್ದರೆ ಇಲ್ಲ. ಮಾಂಡೌಸ್ ಬಂದದ್ದು ಅನುರಾಧವೂ ಮುಗಿದ ಮೇಲಿನ ಜ್ಯೇಷ್ಠ ಮಳೆಯಲ್ಲಿ.

ಹಾರ್ವೆಸ್ಟರಾ, ಮೆದೆಯಾ ಅನ್ನುವ ಜಗಳಕ್ಕೆ ಬರೋಣ. ಇದರಲ್ಲಿ ನಾನು ನಿಮ್ಮ ಅಪ್ಪನ ಪಕ್ಷ, ಆದರೆ ಈ ನಾಲ್ಕು ದಿನದ ಮಟ್ಟಿಗೆ ಅಲ್ಲ. ಮೆದೆ ಅನ್ನೋದು ನಮ್ಮ ಹಿರಿಯರು ಕಟ್ಟಿದ ಗೋದಾಮು. ಎತ್ತರದ ಜಾಗ ನೋಡಿ, ಅಡಿಗೆ ಕಲ್ಲು, ಕಟ್ಟಿಗೆ ಹಾಸಿ, ತೆನೆ ಒಳಗೆ, ಬುಡ ಹೊರಗೆ ಬರುವ ಹಾಗೆ ಕಂತೆ ಜೋಡಿಸಿ, ನೆತ್ತಿಯನ್ನು ಮನೆ ಮಾಡಿನ ಹಾಗೆ ಇಳಿಜಾರು ಮಾಡಿದರೆ ಎಂಥ ಮಳೆಯೂ ಹುಲ್ಲಿನ ಮೇಲೇ ಜಾರಿ ಹೋಗುತ್ತೆ. ಕಾಳಿಗೆ ಮುಟ್ಟುವುದಿಲ್ಲ. ಸಂಕ್ರಾಂತಿ ಕಳೆದು, ಬಿಡುವಾದಾಗ ಕಣ ಮಾಡಿ ಒಕ್ಕಿದರಾಯಿತು. ಮೆದೆಯಲ್ಲಿ ಕೂತ ರಾಗಿ ಒಕ್ಕಣೆಯಲ್ಲಿ ಸಲೀಸಾಗಿ ಬಿಡುತ್ತೆ. ಹುಲ್ಲೂ ಉದ್ದಕ್ಕೆ, ಹಸನಾಗಿ ಸಿಗುತ್ತೆ. ಹಸು ಕಟ್ಟಿದವರಿಗೆ ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು. ಆದರೆ ಮೆದೆಗೆ ಒಂದು ಕರಾರಿದೆ: ಒಣಗಿದ ಕಂತೆಯೇ ಆಗಬೇಕು. ಹಸಿ ಕಂತೆ ಒಟ್ಟಿದರೆ ಒಳಗೆ ಕಾವು ಏರಿ, ಕಾಳು ಕಪ್ಪಾಗಿ ಮುಗ್ಗಲು ವಾಸನೆ ಹಿಡಿಯುತ್ತೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೆದೆ ಹಾಕಿ ಮೂರು ದಿನಕ್ಕೆ ಒಳಗೆ ಕೈ ತೂರಿಸಿ ನೋಡಿ. ಬಿಸಿ ಹತ್ತಿದರೆ ಅವತ್ತೇ ಬಿಚ್ಚಿ.

ಹಾರ್ವೆಸ್ಟರ್ ಇಡೀ ಹೊಲವನ್ನು ಎರಡು ಮೂರು ಗಂಟೆಯಲ್ಲಿ ಮುಗಿಸುತ್ತೆ, ಸರಿ. ಆದರೆ ಮೆದೆ ಮಾಡುತ್ತಿದ್ದ ಕೆಲಸವನ್ನು ನಿಮ್ಮ ತಲೆ ಮೇಲೆ ಹಾಕಿ ಹೋಗುತ್ತೆ. ಅದು ಕೊಡುವ ಕಾಳಿನಲ್ಲಿ ಈ ಹವೆಗೆ ಶೇ 18ರ ತನಕ ತೇವ ಇರಬಹುದು. ಜೊತೆಗೆ ಹಸಿ ಹೊಟ್ಟು, ಹಸಿರು ತೆನೆ ಚೂರು. ಅದನ್ನು ಹಾಗೇ ಮೂಟೆ ಕಟ್ಟಿ ಒಂದು ರಾತ್ರಿ ಇಟ್ಟರೂ ಬೆಳಗ್ಗೆ ಮೂಟೆ ಬೆಚ್ಚಗಾಗಿರುತ್ತೆ. ಆದ್ದರಿಂದ ಹಾರ್ವೆಸ್ಟರ್‌ಗೆ ಫೋನ್ ಮಾಡುವ ಮೊದಲು ಟಾರ್ಪಾಲು ಎಣಿಸಿ. ಎಕರೆಗೆ ಎಂಟು ಕ್ವಿಂಟಾಲಿನ ಲೆಕ್ಕದಲ್ಲಿ ಎರಡೂವರೆ ಎಕರೆಗೆ 20 ಕ್ವಿಂಟಾಲ್. ಒಂದು ಅಂಗುಲ ದಪ್ಪ ಹರಡಲು ಸುಮಾರು 1,130 ಚದರ ಅಡಿ ಬೇಕು. 24ಕ್ಕೆ 18 ಅಡಿ ಟಾರ್ಪಾಲಾದರೆ ಮೂರು. ಹೊಟ್ಟು ಸೇರಿರುವುದರಿಂದ ನಾಲ್ಕು ಇಟ್ಟುಕೊಳ್ಳಿ. ಗಂಟೆಗೊಮ್ಮೆ ಕಾಲಾಡಿಸಿ ತಿರುವಿ. ಸಂಜೆ ಇಬ್ಬನಿ ಬೀಳುವ ಮೊದಲೇ ರಾಶಿ ಮಾಡಿ ಮುಚ್ಚಿ. ಮಳೆ ಬಂದ ದಿನಗಳಲ್ಲಿ ಒಳಗೆ ನಾಲ್ಕು ಅಂಗುಲ ದಪ್ಪಕ್ಕೆ ಹರಡಬಹುದು. 20ಕ್ಕೆ 15 ಅಡಿ ಹಜಾರ ಇದ್ದರೆ ಹಿಡಿಯುತ್ತೆ. ಫ್ಯಾನ್ ಹಾಕಿ, ಕಿಟಕಿ ತೆಗೆದಿಟ್ಟು, ದಿನಕ್ಕೆ ನಾಲ್ಕೈದು ಸಲ ತಿರುವಿದರೆ ಮೂರು ನಾಲ್ಕು ದಿನ ಕೆಡದೆ ಇರುತ್ತೆ. ಮನೆಯವರು ಬೈದುಕೊಳ್ಳುತ್ತಾರೆ, ಬೈಯಲಿ.

ಹಾರ್ವೆಸ್ಟರ್ ಬಂದರೆ ಇನ್ನೊಂದೆರಡು ಮಾತು. ಕಳೆದ ವಾರ ಮಳೆಯಾಗಿದೆ ಅಂದಿರಿ. ಹೊಲದ ತಗ್ಗಿನಲ್ಲಿ ನಡೆದು ನೋಡಿ. ಹಿಮ್ಮಡಿ ಹೂತರೆ ಗಾಡಿಯೂ ಹೂಳುತ್ತೆ. ಬೆಳಗ್ಗೆ ಹನ್ನೊಂದರ ತನಕ ಇಬ್ಬನಿ ಆರಲಿ, ಆಮೇಲೆ ಇಳಿಸಿ. ಹಿಂದಿನ ದಿನ ಅದು ಭತ್ತದ ಗದ್ದೆಯಲ್ಲಿದ್ದಿರಬಹುದು. ಟ್ಯಾಂಕು ಖಾಲಿ ಮಾಡಿಸಿಕೊಂಡೇ ಹೊಲಕ್ಕೆ ಬಿಡಿ. ಇಲ್ಲದಿದ್ದರೆ ಬೆಂಬಲ ಬೆಲೆಯ ಸರ್ಕಾರಿ ಖರೀದಿ ಕೇಂದ್ರದಲ್ಲಿ ನಿಮ್ಮ ರಾಗಿಯಲ್ಲಿ ಭತ್ತ ಆರಿಸುತ್ತಾ ಕೂರಬೇಕಾಗುತ್ತೆ. ಅಲ್ಲಿ ಕಸಕಡ್ಡಿ ಶೇ 1 ದಾಟುವಂತಿಲ್ಲ, ತೇವ ಶೇ 12 ದಾಟುವಂತಿಲ್ಲ. ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿ ನಡುವೆ ಬಿತ್ತಿದ ಬೇರೆ ಬೆಳೆಯ ಸಾಲಿನಲ್ಲಿ, ಅವರೆ, ತೊಗರಿ ಇದ್ದರೆ ಹಾರ್ವೆಸ್ಟರ್ ಮಾತೇ ಬೇಡ. ಹೂ ಬಿಟ್ಟ ಅವರೆಯನ್ನು ತುಳಿಸಿ ರಾಗಿ ಉಳಿಸಿಕೊಂಡು ಏನು ಪ್ರಯೋಜನ?

ತೇವ ಅಳೆಯುವ ಮೀಟರ್ ಎಲ್ಲರ ಹತ್ತಿರ ಇರುವುದಿಲ್ಲ. ಒಂದು ಹಳೇ ಉಪಾಯ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರು ನಾಲ್ಕು ಹಿಡಿ ರಾಗಿ, ಒಂದೆರಡು ಚಮಚ ಒಣ ಉಪ್ಪಿನ ಪುಡಿ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಹತ್ತು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವ ಶೇ 15ಕ್ಕಿಂತ ಮೇಲಿದೆ. ಅಂಟದಿದ್ದರೆ 15ರ ಕೆಳಗೆ ಬಂದಿದೆ ಅಂತ ಮಾತ್ರ ಅರ್ಥ. 12ಕ್ಕೆ ಬರಲು ಅಲ್ಲಿಂದ ಇನ್ನೊಂದೆರಡು ಬಿಸಿಲು ಬೇಕು.

ಒಣಗಿಸಿದರೆ ತೂಕ ಹೋಗುತ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಹೋಗುತ್ತೆ. ಶೇ 18 ತೇವದ 20 ಕ್ವಿಂಟಾಲ್ ರಾಗಿ 12ಕ್ಕೆ ಬರುವಾಗ ಸುಮಾರು 18 ಕ್ವಿಂಟಾಲ್ 64 ಕೆ.ಜಿ. ಆಗುತ್ತೆ. 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಆರೂವರೆ ಸಾವಿರ ರೂಪಾಯಿಯ ನೀರು ಆವಿಯಾಯಿತು ಅನ್ನಿಸುತ್ತೆ. ಆದರೆ ಆ ನೀರಿಗೆ ಬೆಂಬಲ ಬೆಲೆ ಯಾರೂ ಕೊಡುವುದಿಲ್ಲ. ಹಸಿ ರಾಗಿಯನ್ನು ಹೊಲದ ಬದುವಿನಲ್ಲೇ ಕೊಳ್ಳಲು ಬರುವವರು ಅದನ್ನು ಬೆಲೆಯಲ್ಲಿ ಮುರಿದುಕೊಂಡೇ ಕೊಳ್ಳುತ್ತಾರೆ. ಬೆಂಬಲ ಬೆಲೆಗೆ ಮಾರಲು ನೋಂದಣಿ ಆಗಬೇಕು, ಅದಕ್ಕೆ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು. ಅದರಲ್ಲಿ ಈ ಸಲದ ಬೆಳೆ ರಾಗಿ ಅಂತಲೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ದಯವಿಟ್ಟು ಟಾರು ರಸ್ತೆಗೆ ಮಾತ್ರ ಹೋಗಬೇಡಿ. ನಮ್ಮ ಕಡೆ ಕಣ ಮಾಯವಾಗಿ ರಸ್ತೆಯೇ ಕಣವಾಗಿದೆ. ರಾಗಿಗೆ ಕಲ್ಲು ಸೇರುವುದು ಹಾಗಿರಲಿ, ಹುಲ್ಲಿನ ಮೇಲೆ ಜಾರಿ ಬಿದ್ದ ಬೈಕಿನವರನ್ನು ನಾನೇ ಎತ್ತಿದ್ದೇನೆ. ಕಾರಿನ ಅಡಿಗೆ ಹುಲ್ಲು ಸಿಕ್ಕಿ ಬೆಂಕಿ ಹತ್ತಿದ್ದೂ ಉಂಟು.

ಈಗ ನಿಮ್ಮ ಮಲಗಿದ ಅರ್ಧ ಎಕರೆ. ಅದನ್ನು ಯಾಕೆ ಮೊದಲು ಅಂದೆ ಅಂದರೆ, ಅದು ಇನ್ನೂ ಬೇರಿನ ಮೇಲೇ ಇದ್ದರೂ ಅರಿಯ ಸ್ಥಿತಿಯಲ್ಲೇ ಇದೆ. ತೆನೆ ಮಣ್ಣು ಮುಟ್ಟುತ್ತಿದೆ. ಕೊಯ್ಯುವಾಗಲೇ ಎರಡು ಪಾಲು ಮಾಡಿಸಿ: ಮಣ್ಣು ಮುಟ್ಟಿದ್ದು ಒಂದು, ಮೇಲಿದ್ದದ್ದು ಒಂದು. ಸಣ್ಣ ಸಣ್ಣ ಕಂತೆ ಕಟ್ಟಿ, ನಾಲ್ಕೈದು ಕಂತೆಯನ್ನು ತೆನೆ ಮೇಲಾಗಿ ಒಂದಕ್ಕೊಂದು ಆನಿಸಿ ನಿಲ್ಲಿಸಿ. ನೆಲಕ್ಕೆ ಹರಡುವುದಕ್ಕಿಂತ ಹೀಗೆ ಬೇಗ ಒಣಗುತ್ತೆ. ಮೂರನೇ ದಿನ ಸಂಜೆ, ಒಣಗಿರಲಿ ಬಿಡಲಿ, ಕೊಟ್ಟಿಗೆಯ ಸೂರಿಗೆ ತಂದು ಬಿಡಿ ಬಿಡಿಯಾಗಿ ನಿಲ್ಲಿಸಿ. ಮೆದೆ ಬೇಡ.

ಇದರ ಜೊತೆಗೆ ನಾಳೆ ಬೆಳಗ್ಗೆ ಮಾಡಬೇಕಾದ ಇನ್ನೊಂದು ಕೆಲಸ, ಯಾರೂ ನೆನಪಿಟ್ಟುಕೊಳ್ಳದ್ದು. ಮುಂದಿನ ವರ್ಷದ ಬೀಜ. ಮಳೆಗೆ ನೆಂದ ಕಾಳು ತಿನ್ನಲು ಆದೀತು, ಬಿತ್ತಲು ನಂಬಲಾಗದು. ಕೂರಿಗೆಯಲ್ಲಿ ಎಕರೆಗೆ 5 ಕೆ.ಜಿ. ಅಂದರೆ ನಿಮಗೆ ಬೇಕಾದದ್ದು 15 ಕೆ.ಜಿ. ಹೊಲದ ನಡುವಿನಿಂದ ಒಳ್ಳೇ ತೆನೆ ಆರಿಸಿ ಮೂರು ನಾಲ್ಕು ಮಂಕರಿ ಕಿತ್ತು ತಂದು ಮನೆಯೊಳಗೆ ಒಣಗಿಸಿಬಿಡಿ. ಅಮ್ಮ, ಅಜ್ಜಿ ಇದ್ದರೆ ಆರಿಸುವ ಕೆಲಸ ಅವರಿಗೆ ಬಿಡಿ. ನಮಗಿಂತ ಅವರ ಕಣ್ಣು ಚುರುಕು.

ಎಲ್ಲ ಎಚ್ಚರ ಮಾಡಿಯೂ ಮಳೆಗೆ ಸಿಕ್ಕಿಹಾಕಿಕೊಂಡರೆ? ಅರಿ ನೆಂದ ಕೂಡಲೇ ಗಾಬರಿಯಲ್ಲಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಡಿ, ಒಳಗೆ ಬೆವೆತು ಮೊಳಕೆ ಇನ್ನೂ ಜೋರಾಗುತ್ತೆ. ಮಳೆ ಬಿಟ್ಟ ಮೇಲೆ ಮೇಲ್ಮೈ ಆರಲಿ, ಆಮೇಲೆ ಮಗುಚಿ, ಕಂತೆ ಕಟ್ಟಿ ನಿಲ್ಲಿಸಿ. ಮೊಳೆತ ತೆನೆಯನ್ನು ಬೇರೆಯೇ ಒಕ್ಕಿ. ಒಂದು ಮೂಟೆ ಮೊಳಕೆ ರಾಗಿ ಹತ್ತು ಮೂಟೆಯ ಬೆಲೆ ಇಳಿಸುತ್ತೆ. ಮೊಳಕೆ ಬಂದರೇನು, ಮಾಲ್ಟ್ ಮಾಡಬಹುದಲ್ಲ ಅಂತ ಒಬ್ಬರು ಕೇಳಿದ್ದರು. ಅಡುಗೆಮನೆಯಲ್ಲಿ ತೊಳೆದು, ಕಟ್ಟಿ, ಒಂದೆರಡು ದಿನದಲ್ಲಿ ಒಣಗಿಸಿದ ಮೊಳಕೆ ಬೇರೆ. ಮಣ್ಣಿನ ಮೇಲೆ ವಾರ ಕೊಳೆತು ಬೂಸು ಹಿಡಿದ ಮೊಳಕೆ ಬೇರೆ. ಅದನ್ನು ಮಕ್ಕಳ ಬಾಯಿಗೆ ಹಾಕಬೇಡಿ. ಬೂಸು ಹಿಡಿದ ಹುಲ್ಲನ್ನು ಗಬ್ಬದ ಹಸುವಿಗಂತೂ ಕೊಡಲೇಬೇಡಿ. ತಿಪ್ಪೆಗೆ ಹಾಕಿ.

ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿದ್ದರೆ ಒಂದು ವಿಷಯ ಗೊತ್ತಿರಲಿ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಅಥವಾ ಸಣ್ಣ ಕಟ್ಟು ಕಟ್ಟಿಟ್ಟ ಬೆಳೆಗೂ ಕೊಯ್ದ ದಿನದಿಂದ 14 ದಿನದ ತನಕ ಅಕಾಲಿಕ ಮಳೆ, ಚಂಡಮಾರುತದ ಮಳೆಯ ನಷ್ಟಕ್ಕೆ ಪರಿಹಾರ ಕೇಳಬಹುದು. ಆದರೆ ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಸರ್ವೆ ನಂಬರ್ ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಹೊಲದಲ್ಲೇ ನಿಂತು ಫೋಟೋ ತೆಗೆಯಿರಿ. ಸರ್ವೆಗೆ ಬರುವ ತನಕ ಒಂದು ಭಾಗವನ್ನಾದರೂ ಹಾಗೇ ಬಿಟ್ಟಿರಿ. ಎಲ್ಲವನ್ನೂ ಎತ್ತಿ ಗುಡಿಸಿಟ್ಟ ಮೇಲೆ ತೋರಿಸಲು ಏನಿರುತ್ತೆ?

ಅಂದಹಾಗೆ, ಇದೇ ಮೋಡಕ್ಕೆ ಹೆದರುತ್ತಿರುವವರು ನೀವೊಬ್ಬರೇ ಅಲ್ಲ. ದಾವಣಗೆರೆ, ಹಾವೇರಿಯಲ್ಲಿ ಮೆಕ್ಕೆಜೋಳ ಅಂಗಳದಲ್ಲಿದೆ. ಸಿಂಧನೂರು, ಗಂಗಾವತಿಯಲ್ಲಿ ಭತ್ತ ಕೊಯ್ಲಿಗೆ ಬಂದಿದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಅರೇಬಿಕಾ ಹಣ್ಣು ಕೀಳುವ ಕಾಲ. ಅವರೆಲ್ಲರ ಲೆಕ್ಕವೂ ಒಣಗುವ ದಿನದ್ದೇ. ಕಲಬುರಗಿಯ ತೊಗರಿಗೆ ಮಾತ್ರ ಇನ್ನೂ ಒಂದು ತಿಂಗಳ ಬಿಡುವಿದೆ. ಅಲ್ಲಿ ಮೋಡದ ಚಿಂತೆ ಬೇರೆ, ಕಾಯಿಕೊರಕದ್ದು. ನಿಮ್ಮ ಬದುವಿನ ತೊಗರಿ, ಅವರೆಗೂ ಅದೇ. ಮೋಡ ಮುಚ್ಚಿದ ವಾರ ಒಂದು ಸಲ ಹೂ, ಕಾಯಿ ಬಿಡಿಸಿ ಹುಳು ನೋಡಿ.

ಈಗ ಕ್ರಮ ಹೀಗಿರಲಿ. ಇವತ್ತು ಸಂಜೆ ಹಾರ್ವೆಸ್ಟರ್‌ನವರಿಗೆ ಫೋನ್ ಮಾಡಿ, ನಾಡಿದ್ದರೊಳಗೆ ಬರುತ್ತೀರಾ ಅಂತ ಖಚಿತವಾಗಿ ಕೇಳಿ. ‘ನೋಡೋಣ’ ಅಂದರೆ ಬರುವುದಿಲ್ಲ ಅಂತಲೇ ತಿಳಿಯಿರಿ. ನಾಳೆ ಮಲಗಿದ್ದು ಕೊಯ್ಯಲಿ, ಬೀಜದ ತೆನೆ ಮನೆಗೆ ಬರಲಿ. ನಾಳೆ ಸಂಜೆ ಮುನ್ಸೂಚನೆ ಮತ್ತೆ ನೋಡಿ. ಕುಸಿತ ಉತ್ತರಕ್ಕೆ ತಿರುಗಿದ್ದರೆ ಹಾರ್ವೆಸ್ಟರ್ ಬಿಟ್ಟುಬಿಡಿ, ಅಪ್ಪ ಹೇಳಿದ ಹಾಗೆ ಆಳು ಹಿಡಿದು ನಿಧಾನಕ್ಕೆ ಕೊಯ್ದು, ಒಣಗಿಸಿ ಮೆದೆ ಹಾಕಿ. ನಮ್ಮ ಕಡೆಗೇ ಬರುತ್ತಿದ್ದರೆ, ಹಾರ್ವೆಸ್ಟರೂ ಸಿಗದಿದ್ದರೆ, ಹೊಲದಲ್ಲಿ ನೀರು ನಿಲ್ಲದ ಹಾಗೆ ತಗ್ಗಿನ ಕಡೆ ಬದು ಒಡೆದು ಕಾಲುವೆ ಮಾಡಿ ಮನೆಗೆ ಬನ್ನಿ. ಮಳೆ ಬಿಟ್ಟು ಎರಡು ಬಿಸಿಲು ಕಂಡ ಮೇಲೆ, ಮುಂದಿನ ನಾಲ್ಕು ದಿನ ಮೋಡದ ಅಂಕಿ ಮೂರರ ಕೆಳಗಿದೆಯಾ ನೋಡಿಕೊಂಡು ಕೊಯ್ಲು ಶುರು ಮಾಡಿ. ಗುಡುಗು ಕೇಳಿಸಿದರೆ ಟಾರ್ಪಾಲಿನ ಆಸೆಗೆ ಹೊಲದಲ್ಲಿ ನಿಲ್ಲಬೇಡಿ. ಮರದಡಿಗೂ ಹೋಗಬೇಡಿ. ಮೆದೆಯ ಜಾಗಕ್ಕೆ ಕಲ್ಲು ಹಾಸುವ ಕೆಲಸ ಬೇಕಿದ್ದರೆ ಅಪ್ಪ ಈಗಿನಿಂದಲೇ ಶುರು ಮಾಡಲಿ, ಹೇಗೂ ಬೇಕಾಗುತ್ತೆ.